ಒಂದು ಸಿಂಹಾಸನ, ಮೂರು ಪಟ್ಟಾಭಿಷೇಕ

ಭಾರತ ಯುದ್ಧ ಮುಗಿದ ಮೇಲೆ ಹಸ್ತಿನಾವತಿಯಲ್ಲಿ ಪಟ್ಟವಾದದ್ದು ಯಾರಿಗೆ? ತರಗತಿಯಲ್ಲಿ ಕೇಳಿದರೆ ಮಕ್ಕಳು ಒಕ್ಕೊರಲಿನಿಂದ ‘ಧರ್ಮರಾಯನಿಗೆ’ ಎನ್ನುತ್ತಾರೆ. ಪಂಪನನ್ನು ಓದಿದವನು ‘ಅರ್ಜುನನಿಗೆ’ ಎನ್ನಬೇಕು. ರನ್ನನನ್ನು ಓದಿದವನು ‘ಭೀಮನಿಗೆ’ ಎನ್ನಬೇಕು. ಹಿಂದೊಮ್ಮೆ ಹುಡುಗನೊಬ್ಬನು, “ಹಾಗಾದರೆ ನಮ್ಮ ಕವಿಗಳಿಬ್ಬರೂ ಸುಳ್ಳು ಬರೆದರೆ?” ಎಂದು ಕೇಳಿದನು. ಆಶ್ರಯದಾತರನ್ನು ಮೆಚ್ಚಿಸಲು ಹಾಗೆ ಬರೆದರೆಂದು ಒಂದೇ ಮಾತಿನಲ್ಲಿ ನಾವು ಉತ್ತರ ಮುಗಿಸಿದೆವು. ಆ ಉತ್ತರ ತಪ್ಪಲ್ಲ; ಆದರೆ ಸಾಲದು. ಅಂದು ಉಳಿಸಿಕೊಂಡ ಸಾಲವನ್ನು ಇಲ್ಲಿ ತೀರಿಸಲು ಯತ್ನಿಸುತ್ತೇವೆ.

ಮೊದಲು ಮೂಲವನ್ನು ನೋಡೋಣ. ವ್ಯಾಸಭಾರತದಲ್ಲಿ ಈ ಪ್ರಸಂಗವಿರುವುದು ಶಾಂತಿಪರ್ವದಲ್ಲಿ. ಗೆದ್ದ ಯುಧಿಷ್ಠಿರನಿಗೆ ರಾಜ್ಯವೇ ಬೇಡವಾಗಿದೆ. ಕರ್ಣನು ತನ್ನ ಅಣ್ಣನೆಂದು ತಿಳಿದ ದುಃಖದಲ್ಲಿ ಅವನು ಕಾಡಿಗೆ ಹೊರಡುತ್ತೇನೆನ್ನುತ್ತಾನೆ. ತಮ್ಮಂದಿರು, ದ್ರೌಪದಿ, ವ್ಯಾಸ, ಕೃಷ್ಣ ಎಲ್ಲರೂ ಹೇಳಿದ ಬಳಿಕವೇ ಅವನು ಒಪ್ಪಿಕೊಳ್ಳುವುದು. ಆಮೇಲೆ ಪೂರ್ವಾಭಿಮುಖವಾಗಿ ಹೊನ್ನಿನ ಪೀಠದಲ್ಲಿ ಕುಳಿತು ಬಿಳಿಯ ಹೂ, ಅಕ್ಷತೆ, ಮಣ್ಣು, ಚಿನ್ನ, ಬೆಳ್ಳಿ, ಮಣಿಗಳನ್ನು ಮುಟ್ಟುತ್ತಾನೆ. ಚಿನ್ನದ ಕಲಶಗಳ ಜೊತೆಗೆ ಮಣ್ಣಿನ ಕಲಶಗಳೂ ಅಲ್ಲಿರುತ್ತವೆ. ಧೌಮ್ಯನು ವೇದಿಕೆಯನ್ನು ಸಿದ್ಧಪಡಿಸಿ, ವ್ಯಾಘ್ರಚರ್ಮ ಹಾಸಿದ ಸರ್ವತೋಭದ್ರವೆಂಬ ಆಸನದಲ್ಲಿ ಯುಧಿಷ್ಠಿರನನ್ನೂ ದ್ರೌಪದಿಯನ್ನೂ ಕೂರಿಸಿ ಹೋಮ ಮಾಡುತ್ತಾನೆ. ಕೃಷ್ಣನು ಶಂಖದಲ್ಲಿ ನೀರು ತುಂಬಿ ಅಭಿಷೇಕ ಮಾಡುತ್ತಾನೆ.

ಇಲ್ಲಿ ಗಮನಿಸಬೇಕಾದುದು ಕಿರೀಟವನ್ನಲ್ಲ, ನೀರೆರೆದ ಕೈಗಳನ್ನು. ಕೃಷ್ಣನ ಬಳಿಕ ನೀರೆರೆದವರಲ್ಲಿ ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿದ್ದಾನೆ, ಪ್ರಜೆಗಳೂ ಇದ್ದಾರೆ. ಸೋತವರ ತಂದೆಯ ಕೈಯ ನೀರು ಬೀಳದೆ ಗೆದ್ದವನ ಅಭಿಷೇಕ ಪೂರ್ಣವಾಗಲಿಲ್ಲ. ಪಟ್ಟವಾದೊಡನೆ ಯುಧಿಷ್ಠಿರನು ಸಾರುವುದೂ ಇದನ್ನೇ: ನನ್ನ ಹಿತವನ್ನು ಬಯಸುವವರು ಧೃತರಾಷ್ಟ್ರನನ್ನು ಮೊದಲಿನಂತೆಯೇ ಗೌರವಿಸಬೇಕು. ಅನಂತರ ಕೆಲಸಗಳ ಹಂಚಿಕೆ. ಭೀಮನಿಗೆ ಯುವರಾಜಪಟ್ಟ, ವಿದುರನಿಗೆ ಮಂತ್ರಾಲೋಚನೆ, ಸಂಜಯನಿಗೆ ಆಯವ್ಯಯ, ನಕುಲನಿಗೆ ಸೈನ್ಯದ ಎಣಿಕೆ ಮತ್ತು ವೇತನ, ಅರ್ಜುನನಿಗೆ ಶತ್ರುಗಳ ನಿಗ್ರಹ, ಧೌಮ್ಯನಿಗೆ ದೇವಕಾರ್ಯ. ಸಹದೇವನು ಸದಾ ರಾಜನ ಬಳಿಯಲ್ಲಿದ್ದು ಅವನನ್ನು ಕಾಯಬೇಕು. ವ್ಯಾಸರ ದೃಷ್ಟಿಯಲ್ಲಿ ಪಟ್ಟಾಭಿಷೇಕವೆಂದರೆ ವಿಜಯೋತ್ಸವವಲ್ಲ. ಮುರಿದ ಮನೆಯನ್ನು ಮತ್ತೆ ಕಟ್ಟುವ ಕೆಲಸದ ಮೊದಲ ದಿನ.

ಇನ್ನು ಪಂಪನಿಗೆ ಬರೋಣ. ಕ್ರಿ.ಶ. ೯೪೧ರಲ್ಲಿ ಅವನು ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ ಕಥಾನಾಯಕನು ಅರ್ಜುನ. ಆ ಅರ್ಜುನನಲ್ಲಿ ಕವಿ ಕಂಡದ್ದು ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು. ಆದುದರಿಂದ ಕೊನೆಯ ಆಶ್ವಾಸದಲ್ಲಿ ಪಟ್ಟವೂ ಅರ್ಜುನನಿಗೇ. ಆದರೆ ತಮ್ಮನು ಅಣ್ಣನಿಂದ ರಾಜ್ಯವನ್ನು ಕಸಿದುಕೊಂಡನೆಂದು ಪಂಪನು ಬರೆಯಲಿಲ್ಲ. ಧರ್ಮರಾಯನು ತಾನಾಗಿ ತಮ್ಮನಿಗೆ ಒಪ್ಪಿಸುತ್ತಾನೆ. ಮೂಲದಲ್ಲಿ ‘ರಾಜ್ಯ ಬೇಡ’ ಎಂದ ಯುಧಿಷ್ಠಿರನ ಸ್ವಭಾವವನ್ನೇ ಕವಿ ಇಲ್ಲಿ ಕೊನೆಯವರೆಗೆ ಬೆಳೆಸಿದ್ದಾನೆ. ಪಟ್ಟದ ರಾಣಿಯಾಗಿ ಕೂರುವವಳು ಸುಭದ್ರೆ. ಅವಳು ಅಭಿಮನ್ಯುವಿನ ತಾಯಿ. ಕುರುವಂಶ ಮುಂದುವರಿಯುವುದು ಅವಳ ಮೊಮ್ಮಗ ಪರೀಕ್ಷಿತನಿಂದ. ಹೀಗೆ ನೋಡಿದರೆ ಸುಭದ್ರೆಗೆ ಆ ಪೀಠ ಅಸಂಗತವಲ್ಲವೆಂದು ನಮಗೆ ತೋರುತ್ತದೆ.

ರನ್ನನದು ಮತ್ತೊಂದು ದಾರಿ. ಹತ್ತನೆಯ ಶತಮಾನದ ಕೊನೆಯ ಭಾಗದ ಈ ಕವಿ, ಕಲ್ಯಾಣದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಗದಾಯುದ್ಧವನ್ನು ಬರೆದನು. ಅಲ್ಲಿ ಪಟ್ಟ ಭೀಮನಿಗೆ, ಪಕ್ಕದಲ್ಲಿ ದ್ರೌಪದಿ. ಸಭೆಯಲ್ಲಿ ಮುಡಿ ಹಿಡಿಸಿಕೊಂಡವಳ ಅವಮಾನವೇ ಆ ಕಾವ್ಯದ ಕಿಡಿ, ಅದನ್ನು ತೀರಿಸಿದವನೇ ಭೀಮ. ಅವಮಾನದಿಂದ ಹೊರಟ ಕಥೆ ಅವಮಾನಿತೆಯ ಮನ್ನಣೆಯಲ್ಲಿ ಮುಗಿಯುವುದು ನ್ಯಾಯವೇ ಸರಿ.

ಹಾಗಾದರೆ ಸುಳ್ಳು ಯಾರದು? ಯಾರದೂ ಅಲ್ಲ. ರಾಜನನ್ನು ಹೊಗಳುವ ಹೊರೆ ಇಬ್ಬರು ಕವಿಗಳ ಮೇಲೂ ಇತ್ತು. ಅದನ್ನು ಮಕ್ಕಳಿಂದ ಮರೆಮಾಚಬೇಕಾಗಿಲ್ಲ. ಆದರೆ ಆ ಹೊರೆಯನ್ನು ಹೊತ್ತೂ ಅವರು ಪಾತ್ರಗಳ ಒಳಗಿನ ಸತ್ಯವನ್ನು ಬಿಟ್ಟುಕೊಡಲಿಲ್ಲ. ವ್ಯಾಸರಲ್ಲಿ ಪಟ್ಟ ಧರ್ಮದ ಹೊಣೆ, ಪಂಪನಲ್ಲಿ ಪರಾಕ್ರಮಕ್ಕೆ ತ್ಯಾಗವು ಇತ್ತ ಕಾಣಿಕೆ, ರನ್ನನಲ್ಲಿ ತೀರಿದ ಪ್ರತಿಜ್ಞೆಯ ಫಲ.

ಗಡಿನಾಡಿನ ಉಪಾಧ್ಯಾಯರಾದ ನಮಗೆ ಇನ್ನೊಂದು ಮಾತೂ ಇದೆ. ಪಂಪನ ಅರ್ಜುನನಿಗೆ ಪಟ್ಟ ಕಟ್ಟಿಸಿದ ಆಸ್ಥಾನ ಇಂದಿನ ಕರ್ನಾಟಕದಲ್ಲಿಲ್ಲ; ವೇಮುಲವಾಡವಿರುವುದು ತೆಲಂಗಾಣದಲ್ಲಿ. ಅದೇ ಸೀಮೆಯ ಕುರ್ಕ್ಯಾಲದ ಬೆಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಕವಿಗೆ ಅರಿಕೇಸರಿಯಿಂದ ಧರ್ಮಪುರದ ಅಗ್ರಹಾರ ದೊರೆತ ಸಂಗತಿಯೂ ಅಲ್ಲಿದೆ. ಮೂರು ಭಾಷೆಗಳು ಒಂದೇ ಬಂಡೆಯನ್ನು ಜಗಳವಿಲ್ಲದೆ ಹಂಚಿಕೊಂಡಿವೆ. ದಿನವೂ ಎರಡು ಮೂರು ಭಾಷೆಗಳ ನಡುವೆ ಪಾಠ ಹೇಳುವ ನಮಗೆ ಆ ಬಂಡೆ ಒಳ್ಳೆಯ ಪಾಠೋಪಕರಣ.

ಸಹೋದ್ಯೋಗಿ ಬಂಧುಗಳಲ್ಲಿ ನಮ್ಮ ಸೂಚನೆ ಇಷ್ಟೆ. ಪಟ್ಟಾಭಿಷೇಕದ ಪ್ರಸಂಗವನ್ನು ಪಾಠ ಮಾಡುವಾಗ ‘ಪಟ್ಟ ಯಾರಿಗೆ?’ ಎಂಬಲ್ಲಿಗೆ ನಿಲ್ಲಿಸಬಾರದು. ನೀರೆರೆದವರು ಯಾರು, ಪಕ್ಕದಲ್ಲಿ ಕುಳಿತವರು ಯಾರು, ಮರುದಿನ ಮೊದಲಾದ ಕೆಲಸ ಯಾವುದು—ಈ ಮೂರನ್ನೂ ಕೇಳಬೇಕು. ಆ ಹುಡುಗನಿಗೆ ಅಂದು ನಾವು ಕೊಡಬೇಕಾಗಿದ್ದುದು ಉತ್ತರವನ್ನಲ್ಲ, ಈ ಮೂರು ಪ್ರಶ್ನೆಗಳನ್ನು.