ಅಂಕ ಕಡಿಮೆಯಾದರೆ ಓದು ನಿಲ್ಲಬೇಕೆ?



ವಿಜಯದಶಮಿಯಂದು ದೂರದೂರದ ಜನರು ಎಳೆಯ ಮಕ್ಕಳನ್ನು ಎತ್ತಿಕೊಂಡು ಕೊಲ್ಲೂರಿಗೆ ಬಂದು, ಮೂಕಾಂಬಿಕೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸುವರು. ಇಂತಹ ಊರಿನ ಸುತ್ತಮುತ್ತ ವಾಸಿಸುವ ನಮ್ಮ ಮನೆಗಳಲ್ಲಿ, ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿಯೇ ಮಗುವಿನ ಓದು ನಿಂತುಹೋಗುವುದೂ ಉಂಟು. "ಅಂಕ ಬರಲಿಲ್ಲ, ಇನ್ನು ಓದಿಸಿ ಪ್ರಯೋಜನವೇನು?" ಎಂದು ಮಗನನ್ನು ಬೆಂಗಳೂರಿನ ಹೋಟೆಲಿಗೆ ಕಳುಹಿಸುವುದು, ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಹೋಟೆಲಿನ ಕಸುಬು ಕೀಳೆಂದು ಇದರ ಅರ್ಥವಲ್ಲ. ಕುಂದಾಪುರದ ಕಡೆಯ ಎಷ್ಟೋ ಮನೆತನಗಳು ಅದರಿಂದಲೇ ಮೇಲೆ ಬಂದಿವೆ. ಆದರೆ ಓದುವ ಮನಸ್ಸಿದ್ದು, ದಾರಿಯೂ ಇದ್ದು, ಆ ದಾರಿ ತಿಳಿಯದ ಕಾರಣಕ್ಕಾಗಿ ಓದು ಬಿಡಿಸುವುದು ದೊಡ್ಡ ನಷ್ಟ.

ಕಾರ್ತಿ ಬೆಳೆ ಕೈಕೊಟ್ಟಿತೆಂದು ಯಾವ ರೈತನೂ ಗದ್ದೆಯನ್ನು ಹಡಿಲು ಬಿಡುವುದಿಲ್ಲ. ಸುಗ್ಗಿಗೆ ಏನು ಬಿತ್ತಬಹುದೆಂದು ಯೋಚಿಸುತ್ತಾನೆ. ಮಕ್ಕಳ ವಿದ್ಯೆಯ ವಿಷಯದಲ್ಲಿಯೂ ಹಾಗೆಯೇ ನಡೆಯತಕ್ಕದ್ದು. ಯಾವ ಯಾವ ದಾರಿಗಳಿವೆ, ಅವುಗಳಿಗೆ ಏನು ಸಿದ್ಧತೆ ಬೇಕು ಎಂಬುದನ್ನು ಮುಂದೆ ಒಂದೊಂದಾಗಿ ವಿವರಿಸಿದೆ.

೧. ಮೊದಲು ಆ ಅಂಕವನ್ನೇ ಪರಿಶೀಲಿಸಿ

ಬಂದ ಅಂಕವೇ ಕೊನೆಯ ಮಾತಲ್ಲ. ಉತ್ತರ ಪತ್ರಿಕೆಯ ನಕಲು ಪ್ರತಿಯನ್ನು ತರಿಸಿ ನೋಡುವುದಕ್ಕೂ, ಅಂಕಗಳ ಮರು ಎಣಿಕೆಗೂ, ಮರು ಮೌಲ್ಯಮಾಪನಕ್ಕೂ ಅವಕಾಶವಿದೆ. ಪ್ರತಿ ಬಂದ ಮೇಲೆ ಆ ವಿಷಯದ ಉಪಾಧ್ಯಾಯರಿಗೆ ತೋರಿಸಿ, ಅವರು ಹೂಂ ಎಂದರೆ ಮಾತ್ರ ಮುಂದಿನ ಶುಲ್ಕ ಕಟ್ಟಿರಿ.

ಇದಲ್ಲದೆ, ೨೦೨೩-೨೪ನೆಯ ಸಾಲಿನಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಎರಡಕ್ಕೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಸುವ ಪದ್ಧತಿ ಬಂದಿದೆ. ಅನುತ್ತೀರ್ಣರಾದವರು ಮಾತ್ರವಲ್ಲ, ತೇರ್ಗಡೆಯಾಗಿ ಅಂಕ ಸಾಲದೆಂದು ಕಂಡವರೂ ಮುಂದಿನ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಎರಡರಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಆದುದರಿಂದ ಒಂದು ವಿಷಯದಲ್ಲಿ ಎಡವಿದ ಮಗು ಒಂದು ವರ್ಷವನ್ನೇ ಕಳೆದುಕೊಳ್ಳಬೇಕಾಗಿಲ್ಲ. ಅರ್ಜಿಯ ಅವಧಿ ಮಾತ್ರ ಬಹಳ ಚಿಕ್ಕದು. ಫಲಿತಾಂಶ ಬಂದ ಮರುದಿನವೇ ಶಾಲೆಗೆ ಹೋಗಿ ಕೊನೆಯ ದಿನಾಂಕವನ್ನು ಕೇಳಿ ಬರೆದಿಟ್ಟುಕೊಳ್ಳಿರಿ.

೨. ಗದ್ದೆಯ ಅನುಭವಕ್ಕೂ ಅಂಕವುಂಟು

ಇದು ರೈತರ ಮಕ್ಕಳಿಗಾಗಿಯೇ ಇರುವ ದಾರಿ. ಆದರೂ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಕೃಷಿ, ತೋಟಗಾರಿಕೆ, ಅರಣ್ಯ, ಮೀನುಗಾರಿಕೆ ಮುಂತಾದ ಪದವಿಗಳಿಗೆ ಸಿ.ಇ.ಟಿ. ಎಂದು ಕರೆಯುವ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸೀಟು ಹಂಚುವರು. ಇವುಗಳಲ್ಲಿ ಒಂದು ಪಾಲನ್ನು ಕೃಷಿಕರ ಮಕ್ಕಳಿಗೆಂದು ಪ್ರತ್ಯೇಕವಾಗಿ ಇಟ್ಟಿರುವರು. ಇದಕ್ಕೆ ಕೃಷಿಕರ ಕೋಟಾ ಎಂದು ಹೆಸರು. ಮೊದಲು ಈ ಪಾಲು ಶೇಕಡಾ ೪೦ ಇದ್ದಿತು. ೨೦೨೧ರಲ್ಲಿ ರಾಜ್ಯ ಸರಕಾರವು ಅದನ್ನು ಶೇಕಡಾ ೫೦ಕ್ಕೆ ಏರಿಸಿತು.

ಸಾಮಾನ್ಯ ಸೀಟಿಗೆ ಪಿ.ಯು.ಸಿ. ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ ಎಂದು ಲೆಕ್ಕ. ಕೃಷಿಕರ ಕೋಟಾದಲ್ಲಿ ಹಾಗಲ್ಲ. ಪಿ.ಯು.ಸಿ.ಗೆ ಕಾಲು, ಸಿ.ಇ.ಟಿ.ಗೆ ಕಾಲು, ಉಳಿದ ಅರ್ಧ ಭಾಗವು ಕೃಷಿ ಪ್ರಾಯೋಗಿಕ ಪರೀಕ್ಷೆಗೆ. ಈ ಪರೀಕ್ಷೆಯಲ್ಲಿ ಬೀಜ, ಗಿಡ, ಗೊಬ್ಬರ, ಬೇಸಾಯದ ಸಲಕರಣೆ ಮುಂತಾದುವನ್ನು ಗುರುತಿಸಬೇಕು.

ಇದರಿಂದ ಎಷ್ಟು ವ್ಯತ್ಯಾಸವಾಗುವುದೆಂದು ತಿಳಿಯಲು ಒಂದು ಲೆಕ್ಕ ಹಾಕೋಣ. ಒಬ್ಬ ಹುಡುಗಿಗೆ ನೂರಕ್ಕೆ ಪಿ.ಯು.ಸಿ.ಯಲ್ಲಿ ೬೦, ಸಿ.ಇ.ಟಿ.ಯಲ್ಲಿ ೩೦ ಬಂದಿವೆ ಎಂದಿಟ್ಟುಕೊಳ್ಳಿ. ಸಾಮಾನ್ಯ ಲೆಕ್ಕದಲ್ಲಿ ಅವಳಿಗೆ ೪೫. ಇನ್ನೊಬ್ಬ ಹುಡುಗನಿಗೆ ೮೫ ಮತ್ತು ೪೫ ಬಂದರೆ ಅವನಿಗೆ ೬೫. ಇಲ್ಲಿ ಹುಡುಗಿ ಬಹಳ ಹಿಂದೆ. ಈಗ ಇಬ್ಬರೂ ಪ್ರಾಯೋಗಿಕ ಪರೀಕ್ಷೆಗೆ ಹೋಗುವರು. ಗದ್ದೆ ತೋಟಗಳಲ್ಲಿ ಕೈಯಾಡಿಸಿದ ಹುಡುಗಿಗೆ ೮೦, ಪುಸ್ತಕ ಮಾತ್ರ ಬಲ್ಲ ಹುಡುಗನಿಗೆ ೩೫ ಬಂದಿತೆನ್ನಿ. ಕೋಟಾದ ಲೆಕ್ಕದಲ್ಲಿ ಹುಡುಗಿಗೆ ೧೫, ಏಳೂವರೆ ಮತ್ತು ೪೦ ಸೇರಿ ಅರುವತ್ತೆರಡೂವರೆ ಆಗುವುದು. ಹುಡುಗನಿಗೆ ೫೦ ಆಗುವುದು. ಹುಡುಗಿಯೇ ಮುಂದೆ!

ಆದರೆ ನಮ್ಮ ಮಕ್ಕಳು ಒಂದು ಮಾತನ್ನು ತಿಳಿದಿರಬೇಕು. ಪರೀಕ್ಷೆ ಇಡೀ ರಾಜ್ಯಕ್ಕೆ ಸೇರಿದ್ದು. ಎಂ.ಒ.-೪ ಭತ್ತ, ಅಡಿಕೆ, ತೆಂಗು, ಕಾಳುಮೆಣಸು ಇವನ್ನು ನಮ್ಮ ಮಕ್ಕಳು ಕಣ್ಣುಮುಚ್ಚಿ ಗುರುತಿಸುವರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವೆಂದು ಹೇಳಬಲ್ಲರು. ಆದರೆ ಜೋಳ, ಸಜ್ಜೆ, ಕುಸುಬೆ, ಹತ್ತಿ, ತೊಗರಿ ಕರಾವಳಿಯ ಗದ್ದೆಯಲ್ಲಿ ಕಾಣುವುದಿಲ್ಲ. ಇವುಗಳ ಬೀಜಗಳನ್ನು ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಸಂಗ್ರಹಿಸಿ, ಹೆಸರು ಬರೆದಿಟ್ಟು, ರಾತ್ರಿ ಊಟದ ಹೊತ್ತಿನಲ್ಲಿ ಒಂದೊಂದನ್ನೇ ತೋರಿಸಿ ಕೇಳಿರಿ. ಯೂರಿಯಾ, ಪೊಟ್ಯಾಷ್, ಶಿಲಾರಂಜಕ ಇವುಗಳ ಬಣ್ಣ ಮತ್ತು ಹರಳನ್ನು ನೋಡಿ ತಿಳಿಯುವಂತೆ ಅಭ್ಯಾಸ ಮಾಡಿಸಿರಿ. ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಮಗುವನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿರಿ.

ಇಂತಹ ವಿದ್ಯಾಸಂಸ್ಥೆಗಳು ನಮಗೆ ದೂರವೂ ಅಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ೧೯೬೪ರಲ್ಲಿ ಆರಂಭವಾಯಿತು. ಆದರೆ ಕೊಲ್ಲೂರಿನಿಂದ ಘಟ್ಟ ಹತ್ತಿ ನಾಗೋಡಿ ದಾಟಿದರೆ ಶಿವಮೊಗ್ಗ ಜಿಲ್ಲೆ. ಅಲ್ಲಿ ೨೦೧೨ರಲ್ಲಿ ಸ್ಥಾಪನೆಯಾದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯವಿದೆ. ಮೂಡಿಗೆರೆಯ ತೋಟಗಾರಿಕಾ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು ಅದಕ್ಕೆ ಸೇರಿದವು. ಮಂಗಳೂರಿನಲ್ಲಿ ೧೯೬೯ರಿಂದ ಮೀನುಗಾರಿಕಾ ಕಾಲೇಜು ನಡೆಯುತ್ತಿದೆ.

ಎರಡು ಎಚ್ಚರಿಕೆಗಳು. ಈ ಪದವಿಗಳಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು, ಎಸ್.ಎಸ್.ಎಲ್.ಸಿ. ಮುಗಿದಾಗಲೇ ಇದನ್ನು ಯೋಚಿಸಿರಿ. ಸಿ.ಇ.ಟಿ. ಅರ್ಜಿ ತುಂಬುವಾಗಲೇ ಕೃಷಿಕರ ಕೋಟಾ ಬೇಕೆಂದು ನಮೂದಿಸಬೇಕು. ಅಂಕ ಬಂದ ಮೇಲೆ ಕೇಳಿದರೆ ಪ್ರಯೋಜನವಾಗದು.

೩. ಹಳ್ಳಿಯ ಶಾಲೆಯೂ ಕನ್ನಡವೂ ಕೈಹಿಡಿಯುವುವು

ಸಿ.ಇ.ಟಿ. ಮೂಲಕ ಹಂಚುವ ಸರಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ ೧೫, ಕನ್ನಡ ಮಾಧ್ಯಮದವರಿಗೆ ಶೇಕಡಾ ೫ ಮೀಸಲಾತಿ ಇದೆ. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ, ಹತ್ತು ವರ್ಷವೂ ರಾಜ್ಯದ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ನಡುವೆ ಒಂದು ವರ್ಷ ಪುರಸಭೆಯ ಅಥವಾ ಪಟ್ಟಣ ಪಂಚಾಯತಿಯ ವ್ಯಾಪ್ತಿಯಲ್ಲಿರುವ ಶಾಲೆಗೆ ಸೇರಿಸಿದರೂ ಗ್ರಾಮೀಣ ಮೀಸಲಾತಿ ಕೈತಪ್ಪಬಹುದು. ಇದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರು ಬರೆದುಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿಯವರು ಮೇಲುಸಹಿ ಮಾಡಿದ ಪ್ರಮಾಣಪತ್ರ ಬೇಕು. ಓದಿದ ಶಾಲೆ ಎರಡಾಗಿದ್ದರೆ ಎರಡೂ ಕಡೆಯಿಂದ ತರಬೇಕು.

೪. ಮೆಟ್ಟಿಲು ಹತ್ತಿ ಎಂಜಿನಿಯರಿಂಗಿಗೆ

ಎಸ್.ಎಸ್.ಎಲ್.ಸಿ.ಯಲ್ಲಿ ಹೇಗೋ ತೇರ್ಗಡೆಯಾದ, ಆದರೆ ಕೈಕೆಲಸದಲ್ಲಿ ಚುರುಕಾದ ಮಗು ಪಿ.ಯು.ಸಿ. ಓದಲೇಬೇಕೆಂದಿಲ್ಲ. ಪಾಲಿಟೆಕ್ನಿಕ್ ಸೇರಿ ೩ ವರ್ಷದ ಡಿಪ್ಲೊಮಾ ಮಾಡಬಹುದು. ಡಿಪ್ಲೊಮಾ ಪಡೆದವರು ಡಿ.ಸಿ.ಇ.ಟಿ. ಎಂಬ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ನೇರವಾಗಿ ಸೇರಬಹುದು. ಮಂಗಳೂರಿನ ಕದ್ರಿಯಲ್ಲಿರುವ ಕರ್ನಾಟಕ ಪಾಲಿಟೆಕ್ನಿಕ್ ೧೯೪೬ರಷ್ಟು ಹಿಂದಿನದು.

ಅದಕ್ಕೂ ಅಂಕ ಸಾಲದಿದ್ದರೆ ಐ.ಟಿ.ಐ. ಇದೆ. ಎಸ್.ಎಸ್.ಎಲ್.ಸಿ. ಬಳಿಕ ೨ ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಲು ಅವಕಾಶವಿದೆ.

"ಇಷ್ಟೆಲ್ಲ ಸುತ್ತಿದರೆ ವಯಸ್ಸು ಕಳೆದುಹೋಗದೆ?" ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿರಿ. ಪಿ.ಯು.ಸಿ. ದಾರಿಯಲ್ಲಿ ೨ ವರ್ಷ, ಎಂಜಿನಿಯರಿಂಗ್ ೪ ವರ್ಷ, ಒಟ್ಟು ೬. ಡಿಪ್ಲೊಮಾ ದಾರಿಯಲ್ಲಿ ೩ ಮತ್ತು ೩, ಅದೂ ೬. ಐ.ಟಿ.ಐ. ದಾರಿಯಲ್ಲಿ ೨, ೨ ಮತ್ತು ೩, ಒಟ್ಟು ೭. ಹೆಚ್ಚೆಂದರೆ ಒಂದು ವರ್ಷದ ಅಂತರ. ನಡುವೆ ಎಲ್ಲಿ ನಿಂತರೂ ಕೈಯಲ್ಲೊಂದು ಕಸುಬು ಇರುವುದು ಈ ದಾರಿಯ ಲಾಭ. ಆದರೆ ಗಣಿತವನ್ನು ಯಾರೂ ತಪ್ಪಿಸಿಕೊಳ್ಳಲಾರರು. ಆ ವಿಷಯದಲ್ಲಿ ಹಿಂದಿರುವ ಮಗುವಿಗೆ ಆರಂಭದಿಂದಲೇ ಸಹಾಯ ಒದಗಿಸಿರಿ.

೫. ಬೇಸಾಯ ಬಿಡದೆ ಪದವಿ

ಬಿ.ಎ., ಬಿ.ಕಾಂ. ಪದವಿಗಳಿಗೆ ಹೆಚ್ಚಿನ ಅಂಕದ ಹಂಬಲ ಬೇಡ. ಬೈಂದೂರಿನಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು ೧೯೬೩ರಿಂದ ನಡೆದುಬಂದಿದೆ. ಮನೆಯಿಂದಲೇ ಹೋಗಿ ಬರಬಹುದು.

ತೋಟ ಮನೆ ನೋಡಿಕೊಳ್ಳಬೇಕಾದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಇದು ೧೯೯೬ರಲ್ಲಿ ಆರಂಭವಾಯಿತು. ಇಂತಹ ಪದವಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಮಾನ್ಯತೆ ಇದ್ದರೆ ಅದು ಕಾಲೇಜಿನ ಪದವಿಗೆ ಸಮಾನ. ಈ ಮಾನ್ಯತೆಯನ್ನು ಸೇರುವ ವರ್ಷದಲ್ಲಿಯೇ ಕೇಳಿ ತಿಳಿಯಬೇಕು. ಇದೇ ವಿಶ್ವವಿದ್ಯಾನಿಲಯಕ್ಕೆ ೨೦೧೩ರ ಬಳಿಕ ಕೆಲವು ವರ್ಷ ಮಾನ್ಯತೆ ತಪ್ಪಿಹೋಗಿ, ೨೦೧೮ರಲ್ಲಿ ಮರಳಿ ದೊರೆಯಿತು.

ಶಾಲೆಯನ್ನೇ ನಡುವೆ ಬಿಟ್ಟವರಿಗೆ ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ಅಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ೫ ವರ್ಷಗಳೊಳಗೆ ೯ ಬಾರಿ ಪರೀಕ್ಷೆ ಬರೆಯಬಹುದು. ಒಂದೊಂದೇ ವಿಷಯವನ್ನು ಮುಗಿಸುತ್ತಾ ಹೋಗಬಹುದು. ನಿಮಗೆ ಬೇಕಾದ ವಿಷಯ ಯಾವ ಭಾಷೆಯಲ್ಲಿ ದೊರೆಯುವುದೆಂದು ಮೊದಲೇ ವಿಚಾರಿಸಿರಿ.

೬. ದಲ್ಲಾಳಿಯ ಮಾತಿಗೆ ಮರುಳಾಗಬೇಡಿ

ಫಲಿತಾಂಶದ ಕಾಲದಲ್ಲಿ "ಅಂಕ ಎಷ್ಟಿದ್ದರೂ ಸೀಟು ಕೊಡಿಸುವೆ" ಎನ್ನುವವರು ಹುಟ್ಟಿಕೊಳ್ಳುವರು. ಅವರ ಮಾತು ನಂಬಿ ತೋಟವನ್ನು ಅಡವಿಡಬೇಡಿರಿ. ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಪದವಿಗಳನ್ನು ದೂರಶಿಕ್ಷಣದ ಮೂಲಕ ಕೊಡಲು ಅನುಮತಿಯೇ ಇಲ್ಲ. ಮನೆಯಲ್ಲೇ ಕುಳಿತು ಇವನ್ನು ಪಡೆಯಬಹುದೆಂದು ಯಾರಾದರೂ ಹೇಳಿದರೆ ಅದು ಮೋಸವೆಂದು ತಿಳಿಯಿರಿ. ಹಣ ಕೊಡುವ ಮೊದಲು ನಿಮ್ಮ ಊರಿನ ಉಪಾಧ್ಯಾಯರನ್ನು ಒಂದು ಮಾತು ಕೇಳಿರಿ. ರಸೀದಿ ಕೊಡದವರಿಗೆ ಬಿಡಿಕಾಸನ್ನೂ ಕೊಡಬೇಡಿರಿ.

೭. ಈಗಲೇ ಮಾಡತಕ್ಕ ಕೆಲಸ

ಅಂಕ ತರುವುದು ಮಗುವಿನ ಕೆಲಸ. ಕಾಗದ ಪತ್ರ ಸಿದ್ಧಮಾಡುವುದು ಮನೆಯ ಹಿರಿಯರ ಕೆಲಸ. ಅರ್ಹತೆಯಿದ್ದೂ ಒಂದು ಪ್ರಮಾಣಪತ್ರವಿಲ್ಲದೆ ಸೀಟು ತಪ್ಪಿದರೆ ಅದಕ್ಕೆ ಮಗು ಹೊಣೆಯಲ್ಲ. ಮಳೆಗಾಲಕ್ಕೆ ಮುಂಚೆ ಸೌದೆ ಕೂಡಿಸಿಡುವಂತೆ ಇವುಗಳನ್ನು ಕೂಡಿಸಿಡಿರಿ:

ಜಮೀನಿನ ಪಹಣಿ. ಅದರಲ್ಲಿ ಹೆಸರು ಅಜ್ಜನ ಕಾಲದ್ದೇ ಉಳಿದಿದ್ದರೆ ವಂಶವೃಕ್ಷವೂ ಬೇಕಾಗಬಹುದು.
ನಾಡಕಚೇರಿಯಿಂದ ಕೃಷಿಕರೆಂಬ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ.
ಹತ್ತು ವರ್ಷದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರ.
ಅಂಕಪಟ್ಟಿಯ ಮೂಲಪ್ರತಿ ಮತ್ತು ನಕಲುಗಳು. ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಎಲ್ಲ ಕಾಗದಗಳಲ್ಲಿಯೂ ಒಂದೇ ತೆರನಾಗಿರಬೇಕು.

ನಿಯಮಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದುಂಟು. ಆದುದರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಆಯಾ ವರ್ಷ ಪ್ರಕಟಿಸುವ ಮಾಹಿತಿ ಪುಸ್ತಿಕೆಯನ್ನು ಮಗುವಿನಿಂದ ಓದಿಸಿ ಕೇಳಿರಿ.

ಕೊನೆಯದಾಗಿ ಒಂದು ಮಾತು. ಫಲಿತಾಂಶ ಬಂದ ದಿನ ಮಗುವನ್ನು ಬಯ್ಯಬೇಡಿರಿ, ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿರಿ. ಅಂದು ಅದಕ್ಕೆ ಬೇಕಾದುದು ನಿಮ್ಮ ಧೈರ್ಯದ ಮಾತು. ಹೊಟ್ಟೆ ತುಂಬ ಊಟ ಹಾಕಿ ಮಲಗಿಸಿರಿ. ಮರುದಿನ ಬೆಳಿಗ್ಗೆ ಈ ಪುಟವನ್ನು ಮುಂದಿಟ್ಟುಕೊಂಡು, ನಮಗೆ ಒಪ್ಪುವ ದಾರಿ ಯಾವುದೆಂದು ಮಗುವಿನೊಡನೆ ಕುಳಿತು ಆಲೋಚಿಸಿರಿ. ಓದು ಬಲ್ಲವರು ಇದನ್ನು ನೆರೆಯವರಿಗೂ ಓದಿ ಹೇಳಿರಿ.