ಗೋಡೆಯ ಮೇಲಿನ ಏಣಿ

ಹತ್ತಿ ಬಿಡಿಸುವ ಕಾಲ. ಬೆಳಗಿನ ಹೊತ್ತು ರಾಯಚೂರು ಜಿಲ್ಲೆಯ ದೇವಸುಗೂರಿನ ರಸ್ತೆಯಲ್ಲಿ ಕೃಷ್ಣೆ ದಾಟಿ ತೆಲಂಗಾಣದ ಕಡೆ ಹೋಗುವ ಲಾರಿಗಳ ನಡುವೆ ಹೆಣ್ಣಾಳುಗಳನ್ನು ತುಂಬಿಕೊಂಡ ಟಂಟಂಗಳು ನುಸುಳುತ್ತವೆ. ತಲೆಗೆ ಟವೆಲ್ ಸುತ್ತಿ, ಅಂಗಿ ತೊಟ್ಟು, ಬುತ್ತಿಗಂಟನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸರು. ಶಾಲೆಯ ಗೇಟಿನ ಬಳಿ ಗಾಡಿ ನಿಧಾನವಾದಾಗ ತಾಯಿಯೊಬ್ಬಳು ಕೂತಲ್ಲಿಂದಲೇ ಮಗಳನ್ನು ಕೆಳಗಿಳಿಸುತ್ತಾಳೆ. "ಛಲೋ ಓದು ಯವ್ವಾ" ಎನ್ನುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತದೆ. ಆ ಕಡೆ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳಿಂದ ಹೊಗೆ ಏಳುತ್ತಿದೆ. 1985ರಿಂದ ಕರೆಂಟು ಕೊಡುತ್ತಿರುವ ಆ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡುವ ಅಪ್ಪಂದಿರು ಪಾಳಿ ಮುಗಿಸಿ ಮನೆಗೆ ಬಂದು ಮಕ್ಕಳನ್ನು ಸೈಕಲ್ ಮೋಟರಿನ ಮೇಲೆ ಕೂರಿಸಿಕೊಂಡು ಶಾಲೆಗೆ ತಂದು ಬಿಡುತ್ತಾರೆ.

ಒಂದನೆಯಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅದು ನಲಿ-ಕಲಿ ಕೋಣೆ. ತಲೆಯ ಮೇಲೆ ದಾರಗಳ ಚಪ್ಪರ; ಅದಕ್ಕೆ ಮಕ್ಕಳು ಕತ್ತರಿಸಿದ ಕಾಗದದ ಮೀನು, ಬಣ್ಣ ಹಚ್ಚಿದ ಎಲೆ ತೂಗುಬಿದ್ದಿವೆ. ಗೋಡೆಯ ಕೆಳಭಾಗಕ್ಕೆ ಉದ್ದಕ್ಕೂ ಕಪ್ಪು ಬಣ್ಣ ಬಳಿದು ಪ್ರತಿ ಮಗುವಿಗೂ ಒಂದೊಂದು ಪಾಲು ಮಾಡಿದ್ದಾರೆ. ಕುಳಿತ ಮಗುವಿನ ಕೈಗೆ ಎಟಕುವ ಎತ್ತರ. ಹವಾಮಾನದ ಪಟದ ಮುಂದೆ ನಿಂತ ಹುಡುಗ ಕಿಟಕಿಯಾಚೆ ಇಣುಕಿ ನೋಡಿ ಸೂರ್ಯನ ಚಿತ್ರಕ್ಕೆ ಗುರುತು ಹಾಕುತ್ತಾನೆ. ಇಲ್ಲಿ ವರ್ಷದ ಬಹುಪಾಲು ಅದೇ ಚಿತ್ರಕ್ಕೆ ಗುರುತು.

ಹಾಜರಿ ಕರೆಯುವಾಗ ಊರ ದೇವರು ಸೂಗೂರೇಶ್ವರ ಮತ್ತೆ ಮತ್ತೆ ಬರುತ್ತಾನೆ: ಸೂಗಪ್ಪ, ಸೂಗಮ್ಮ, ಸೂಗೂರೇಶ. ಈ ಮಕ್ಕಳಿಗೊಂದು ಅದೃಷ್ಟವಿದೆ. ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಅ, ಆ, ಇ ಎಂದು ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಬರೆಯಲು ಸುಲಭ, ಐದೇ ಅಕ್ಷರ ಕೂಡಿಸಿದರೆ ಸರ, ಅರಸ, ಅಗಸ, ಗರಗಸ ಎಂದು ಓದಲು ಪದಗಳೂ ಸಿಗುತ್ತವೆ. ಕಲಿಕೆಯ ಮೊದಲ ಮೆಟ್ಟಿಲಲ್ಲೇ ಸೂಗಪ್ಪನಿಗೆ ತನ್ನ ಹೆಸರಿನ ಎರಡು ಅಕ್ಷರ ಸಿಕ್ಕಿಬಿಡುತ್ತವೆ. "ಟೀಚರ್, ಇದು ನಂದು!" ಎಂದು ಕಾರ್ಡು ಎತ್ತಿ ತೋರಿಸುವ ಮಗುವಿನ ಮುಖ ನೋಡಬೇಕು.

ನಲಿ-ಕಲಿ ಪದ್ಧತಿಯನ್ನು ರೂಪಿಸಿದವರು ಸರ್ಕಾರಿ ಶಾಲೆಯ ಶಿಕ್ಷಕರೇ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಕಾರ್ಡು-ಏಣಿಯ ಕಲಿಕೆಯನ್ನು ಕಂಡು ಬಂದು ಕನ್ನಡಕ್ಕೆ ಒಗ್ಗಿಸಿದರು. ಯುನಿಸೆಫ್ ಬೆನ್ನಿಗೆ ನಿಂತಿತು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮಕ್ಕಳು ಐದು ಗುಂಪುಗಳಾಗಿ ಕೂರುತ್ತಾರೆ. ಟೀಚರ್ ಕೈಹಿಡಿದು ಕಲಿಸುವ ಗುಂಪಿನಿಂದ ಹಿಡಿದು ಜೊತೆಗಾರರೇ ಹೇಳಿಕೊಡುವ ಗುಂಪು, ತಾನೇ ಕಲಿಯುವ ಗುಂಪಿನವರೆಗೆ. ಗೋಡೆಯ ಮೇಲೆ ಕಲಿಕಾ ಏಣಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಚಿತ್ರದ ಗುರುತು. ಅದೇ ಚಿತ್ರವಿರುವ ಕಾರ್ಡನ್ನು ಮಗು ತಾನೇ ಹುಡುಕಿ ತರುತ್ತದೆ.

ರಾಯಚೂರು ಸೀಮೆಗೆ ಈ ಏಣಿ ಎಷ್ಟು ಹೊಂದುತ್ತದೆಂಬುದು ಸುಗ್ಗಿಯಲ್ಲಿ ತಿಳಿಯುತ್ತದೆ. ಹತ್ತಿ ಹೊಲಕ್ಕೆ ತಾಯಿಯ ಬೆನ್ನಿಗೆ ಹೋದ ಮಗು, ತಮ್ಮನನ್ನು ಆಡಿಸಲು ಮನೆಯಲ್ಲೇ ಉಳಿದ ಅಕ್ಕ, ಅಪ್ಪ-ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಬಂದ ಹುಡುಗ, ಯಾರು ಎಂದು ಮರಳಿದರೂ ಬಿಟ್ಟ ಮೆಟ್ಟಿಲು ಅಲ್ಲೇ ಇರುತ್ತದೆ. ಪಾಠ ಮುಂದೆ ಹೋಯಿತೆಂದು ಮಗು ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರಬೇಕಿಲ್ಲ. ಹಾಗೆಂದು ಗೈರುಹಾಜರಿಯನ್ನು ಹಗುರವಾಗಿ ಕಾಣುವಂತಿಲ್ಲ. ಏಣಿ ಕಾಯುತ್ತದೆ, ವಯಸ್ಸು ಕಾಯುವುದಿಲ್ಲ.

ಮಧ್ಯಾಹ್ನ ಅನ್ನ-ಸಾಂಬಾರಿನ ವಾಸನೆ ಕೋಣೆಗೆ ಬಂದರೆ ಕಾರ್ಡುಗಳ ಮೇಲಿನ ಗಮನ ತಪ್ಪುತ್ತದೆ. ರಾಜ್ಯದಲ್ಲಿ ಬಿಸಿಯೂಟ 2002ರಲ್ಲಿ ಮೊದಲು ಬಂದದ್ದೇ ರಾಯಚೂರೂ ಸೇರಿದ ಏಳು ಉತ್ತರದ ಜಿಲ್ಲೆಗಳಿಗೆ. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚೆಂದು 2021ರ ಡಿಸೆಂಬರಿನಲ್ಲಿ ಮೊಟ್ಟೆಯೂ ಮೊದಲು ಈ ಭಾಗದ ತಟ್ಟೆಗೇ ಬಂತು. ಬಡಿಸುವವರು ಊರಿನ ಹೆಂಗಸರೇ. ಯಾವ ಮಗು ಇಂದು ಸರಿಯಾಗಿ ಉಣ್ಣಲಿಲ್ಲ, ಯಾವ ಮಗುವಿಗೆ ಮೈ ಬಿಸಿ ಇದೆ ಎಂಬುದು ಟೀಚರಿಗಿಂತ ಮೊದಲು ಅವರಿಗೆ ಗೊತ್ತು.

ಪಾಲಕರ ಸಭೆಯ ದಿನ ಮಾತ್ರ ತಾಯಂದಿರು ಬಾಗಿಲಲ್ಲೇ ನಿಲ್ಲುತ್ತಾರೆ. "ನಮಗೇನ್ ತಿಳಿತೈತ್ರಿ ಮೇಡಂ, ನಮಗ ಓದಾಕ ಬರಂಗಿಲ್ಲ." 2011ರ ಜನಗಣತಿ ಹೇಳುವಂತೆ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ಅರ್ಧಕ್ಕಿಂತ ಕಡಿಮೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಶಿಕ್ಷಣ ಹಕ್ಕಿನ ಕಾಯ್ದೆ ಹೇಳುತ್ತದೆ. ಸಭೆಯ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಹೋಗುವುದಷ್ಟೇ ಆ ಹಕ್ಕಿನ ಅರ್ಥವಾಗಬಾರದು.

ಟೀಚರ್ ಒಬ್ಬ ತಾಯಿಯನ್ನು ಕೈಹಿಡಿದು ಒಳಗೆ ಕರೆತರುತ್ತಾರೆ. ಮಗಳು ಓಡಿಬಂದು ಏಣಿಯ ಒಂದು ಚಿತ್ರದ ಮೇಲೆ ಬೆರಳಿಡುತ್ತಾಳೆ. "ಯವ್ವಾ, ನಾ ಇಲ್ಲಿ ಅದೀನಿ ನೋಡು. ದೀಪಾವಳಿಗೆ ಅಲ್ಲಿದ್ದೆ, ಕೆಳಗ." ತಾಯಿ ಆ ಚಿತ್ರದಿಂದ ಈ ಚಿತ್ರಕ್ಕೆ ಬೆರಳು ಎಳೆದು ಮೆಟ್ಟಿಲು ಎಣಿಸುತ್ತಾಳೆ. ಬಿಡಿಸಿದ ಹತ್ತಿಯ ತೂಕಕ್ಕೆ ಸಲ್ಲಬೇಕಾದ ಕೂಲಿಯನ್ನು ಬಾಯಲ್ಲೇ ಲೆಕ್ಕ ಹಾಕುವವಳು ಆಕೆ, ಎಣಿಕೆ ತಪ್ಪುವುದಿಲ್ಲ. ಆಮೇಲೆ ಕೇಳುತ್ತಾಳೆ: "ಇಷ್ಟ್ ದಿನಕ್ಕ ಇಷ್ಟೇ ಏರ್ಯಾಳೇನ್ರಿ? ಆಕಿ ಗೆಳತಿ ಎಲ್ಲಿದಾಳ?"

ಅಕ್ಷರ ಬಾರದ ತಾಯಿ ಮಗಳ ಕಲಿಕೆಯ ಲೆಕ್ಕ ಕೇಳಿದಳು! ಪ್ರಗತಿ ಪತ್ರದಲ್ಲಿ ಬರೆದುಕೊಟ್ಟ ಯಾವ ಶ್ರೇಣಿಯೂ ಈ ಪ್ರಶ್ನೆಯನ್ನು ಆಕೆಯಿಂದ ಹೊರಡಿಸುತ್ತಿರಲಿಲ್ಲ. ಟೀಚರ್ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ: ಹತ್ತಿ ಕಾಲದಲ್ಲಿ ಬಹಳ ದಿನ ತಪ್ಪಿದೆ; ರಾತ್ರಿ ಮಲಗುವ ಮುಂಚೆ ಪುಸ್ತಕ ತೆರೆದು ಅವಳು ಓದಲಿ, ನೀವು ಕೇಳಿಸಿಕೊಂಡು "ಹೂಂ" ಅನ್ನಿ, ಓದಿದ್ದರಲ್ಲಿ ಏನಾಯಿತೆಂದು ಕೇಳಿ. ಅಷ್ಟು ಸಾಕು.

"ಅಷ್ಟ್ ಮಾಡ್ತೀನ್ರಿ," ಎಂದ ತಾಯಿ ಬಾಗಿಲ ತನಕ ಹೋಗಿ ತಿರುಗುತ್ತಾಳೆ. "ಮುಂದಿನ ಸಭಾ ಅಮಾಸಿ ದಿನ ಇಡ್ರಿ. ಅವತ್ತ ನಮ್ಮನ್ನ ಹೊಲಕ್ಕ ಕರಿಯಂಗಿಲ್ಲ. ಹಿಂಗ ನಡುವಾರ ಕರದ್ರ ಒಂದಿನದ ಕೂಲಿ ಹೋಗತೈತ್ರಿ." ಟೀಚರ್ ಮೇಜಿನ ಮೇಲಿನ ಪಂಚಾಂಗದ ಕ್ಯಾಲೆಂಡರ್ ಎಳೆದುಕೊಂಡು ಅಮಾವಾಸ್ಯೆ ಹುಡುಕುತ್ತಾರೆ. ಅದು ಭಾನುವಾರ ಬಿದ್ದಿದೆ. ಭಾನುವಾರವಾದರೂ ಸರಿ, ಬನ್ನಿ ಎನ್ನುತ್ತಾರೆ.