ಮರಿಮೀನಿನ ಮೊದಲ ತುತ್ತು

ಫ್ರಾನ್ಸಿಸ್ ಬುಕಾನನ್ನನ ಹೆಸರು ಕರ್ನಾಟಕದ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಪರಿಚಿತವಾದುದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿ ಕಂಡುದನ್ನು ದಿನಚರಿಯ ರೂಪದಲ್ಲಿ ದಾಖಲಿಸಿದವನು ಆತ. ಅದೇ ವ್ಯಕ್ತಿ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ, 1822ರಲ್ಲಿ, ಗಂಗಾನದಿಯ ಮೀನುಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನೆಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು. ಅದರಲ್ಲಿ ವರ್ಣಿತವಾದ, ಮೈಮೇಲೆ ನೀಲಿ ಪಟ್ಟೆಗಳುಳ್ಳ ಪುಟ್ಟ ಮೀನೊಂದು ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಸಾಕಲಾಗುತ್ತಿರುವ ಜೀಬ್ರಾ ಮೀನು. ಇದರ ಮರಿ ಪಾರದರ್ಶಕವಾದುದರಿಂದ ದವಡೆ ರೂಪುಗೊಳ್ಳುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ಹೊರಗಿನಿಂದಲೇ ನೋಡಬಹುದು.

ಮೊಟ್ಟೆಯಿಂದ ಹೊರಬರುವ ವೇಳೆಗೆ ಈ ಮರಿಗೆ ಉಣ್ಣಬಲ್ಲ ಬಾಯಿ ಇರುವುದಿಲ್ಲ. ಹೊಟ್ಟೆಗೆ ಅಂಟಿಕೊಂಡಿರುವ ಮೊಟ್ಟೆಯ ಹಳದಿಯೇ ಅದರ ಬುತ್ತಿ. ಸುಮಾರು 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ, ಮೊಟ್ಟೆ ಫಲಿತವಾದ ಮೂರನೆಯ ದಿನ ಬಾಯಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಐದನೆಯ ದಿನ, ಮೈಯುದ್ದ ಸುಮಾರು 4 ಮಿಲಿಮೀಟರ್ ಇರುವಾಗ, ಬೇಟೆ ಆರಂಭವಾಗುತ್ತದೆ. ಬುತ್ತಿ ಇನ್ನೆರಡು ದಿನಗಳಲ್ಲಿ ತೀರುತ್ತದೆ.

ಇಷ್ಟರೊಳಗೆ ಸಿದ್ಧವಾಗುವ ದವಡೆ ಬಹುಮಟ್ಟಿಗೆ ಎಲುಬಿನದಲ್ಲ. ಮಿದುಳಾಗಲಿರುವ ಭಾಗದ ಅಂಚಿನಿಂದ ವಲಸೆ ಬಂದ ಜೀವಕೋಶಗಳು ಮುಖದಲ್ಲಿ ಮೃದ್ವಸ್ಥಿಯ ಸಲಾಕೆಗಳಾಗುತ್ತವೆ. ಕೆಳದವಡೆಯ ಸಲಾಕೆಗೆ ಮೆಕೆಲ್ ಮೃದ್ವಸ್ಥಿಯೆಂದು ಹೆಸರು. ಅದರ ಹಿಂದೆ, ಬಾಯಿಯ ತಳಕ್ಕೆ ಆಧಾರವಾಗಿ, ಹಯಾಯ್ಡ್ ಎಂಬ ಕಮಾನು ಇದೆ. ಎದೆಯ ಕಡೆಯ ಸ್ನಾಯುವೊಂದು ಈ ಕಮಾನನ್ನು ಹಿಂದಕ್ಕೂ ಕೆಳಕ್ಕೂ ಸೆಳೆದಾಗ ಕೆಳದವಡೆಯೂ ಎಳೆಯಲ್ಪಟ್ಟು ಬಾಯಿ ತೆರೆಯುತ್ತದೆ, ಒಳಗಿನ ಅವಕಾಶ ಹಿಗ್ಗುತ್ತದೆ, ನೀರು ಆಹಾರದೊಡನೆ ಒಳನುಗ್ಗುತ್ತದೆ. ಬೆಳೆದ ಮೀನಿನಲ್ಲಿ ಕಿವಿರಿನ ಮುಚ್ಚಳಕ್ಕೆ ಹೊಂದಿಕೊಂಡ ಎರಡನೆಯ ಸನ್ನೆಯೊಂದೂ ಇದಕ್ಕೆ ನೆರವಾಗುವುದುಂಟು. ಅನೇಕ ಜಾತಿಗಳ ಮರಿಗಳಲ್ಲಿ ಅದು ತಡವಾಗಿ ಬರುವ ಏರ್ಪಾಡು. ಹಾಗೆಯೇ ಕಾರ್ಪ್ ಬಳಗದ ಮೀನುಗಳು ಮೇಲ್ದವಡೆಯನ್ನು ಮುಂದಕ್ಕೆ ಚಾಚಬಲ್ಲವು. ಜೀಬ್ರಾ ಮೀನು ಈ ಬಳಗದ್ದು. ನಮ್ಮ ಕೆರೆಗಳಲ್ಲಿ ಸಾಕುವ ರೋಹು, ಕಾಟ್ಲಾಗಳೂ ಇದರವೇ. ಮೂತಿಯ ನಡುವೆ ತಂತುಗಳ ಆಧಾರದಲ್ಲಿ ತೂಗಿಕೊಂಡಿರುವ ಕಿನೆತ್ಮಾಯ್ಡ್ ಎಂಬ ಎಲುಬು ತಿರುಗುವುದರಿಂದ ಈ ಚಾಚುವಿಕೆ ಸಾಧ್ಯವಾಗುತ್ತದೆ. ಮೊದಲ ತುತ್ತಿನ ವೇಳೆಗೆ ಆ ಎಲುಬು ಹುಟ್ಟಿಯೇ ಇರುವುದಿಲ್ಲ. ಮರಿಯ ಬಾಯಿ ದೊಡ್ಡ ಮೀನಿನ ಬಾಯಿಯ ಕಿರಿದಾದ ಪ್ರತಿ ಎಂದು ಭಾವಿಸುವುದು ಆದ್ದರಿಂದ ತಪ್ಪಾಗುತ್ತದೆ.

ಆದರೆ ದವಡೆ ದೊರೆತ ಮಾತ್ರಕ್ಕೆ ಹಸಿವು ನೀಗದು. ನಮಗೆ ತೆಳುವಾಗಿ ತೋರುವ ನೀರು ಇಷ್ಟು ಸಣ್ಣ ಜೀವಿಗೆ ಬೆಲ್ಲದ ಪಾಕದಂತೆ ಅಡ್ಡಿಯಾಗುತ್ತದೆ. ದೊಡ್ಡ ಮೀನು ಹೀರಿದ ನೀರು ಜಡತ್ವದಿಂದ ಹರಿದು ಬರುತ್ತಲೇ ಇರುತ್ತದೆ. ಮರಿಯ ಬಾಯ ಮುಂದೆ ಸ್ನಿಗ್ಧತೆಯ ಕೈ ಮೇಲಾಗಿ, ಹೀರುವಿಕೆ ನಿಂತೊಡನೆ ಹರಿವೂ ಅಡಗುತ್ತದೆ. ಈ ಎರಡರ ಬಲಾಬಲವನ್ನು ಅಳೆಯುವ ಮಾನವೇ ರೇನಾಲ್ಡ್ಸ್ ಸಂಖ್ಯೆ.

ಹಳದಿ ತೀರಿದ ಘಳಿಗೆಯಲ್ಲಿ ತಕ್ಕ ಆಹಾರ ಒದಗದಿದ್ದರೆ ಮರಿಗಳು ಅಪಾರ ಸಂಖ್ಯೆಯಲ್ಲಿ ಸಾಯುತ್ತವೆಂಬ ಊಹೆಯನ್ನು ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿ ಮುಂದಿಟ್ಟನು. ಸರಿಯಾಗಿ ನೂರು ವರ್ಷಗಳ ಅನಂತರ, 2014ರಲ್ಲಿ, ಇಸ್ರೇಲಿನ ವಿಕ್ಟರ್ ಚೈನಾ ಮತ್ತು ರೋಯಿ ಹೋಲ್ಜ್‌ಮನ್ ಗಿಲ್ಟ್‌ಹೆಡ್ ಸೀಬ್ರೀಮ್ ಎಂಬ ಕಡಲಮೀನಿನ ಮರಿಗಳ ಮೇಲಿನ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ತುಸು ಬೆಳೆದ ಮರಿಗಳನ್ನು ಸ್ನಿಗ್ಧತೆ ಹೆಚ್ಚಿಸಿದ ನೀರಿಗೆ ಬಿಟ್ಟಾಗ ಅವೂ ಎಳೆಯ ಮರಿಗಳಂತೆ ಆಹಾರ ಹಿಡಿಯಲಾರದೆ ಸೋತವು. ಅವುಗಳ ದವಡೆ ಬಲಿತಿತ್ತು, ಕಣ್ಣು ಚುರುಕಾಗಿತ್ತು. ಬದಲಾದದ್ದು ನೀರು ಮಾತ್ರ. ಎದುರಿಗೆ ಆಹಾರವಿದ್ದೂ ಉಪವಾಸ ಬೀಳುವ ಸ್ಥಿತಿಯಿದು. ಯೋರ್ಟನ ಊಹೆಯನ್ನು ಇದು ತಳ್ಳಿಹಾಕುವುದಿಲ್ಲವಾದರೂ ಆಹಾರದ ಅಭಾವವೊಂದೇ ಕಾರಣವೆಂಬ ಸರಳ ತೀರ್ಮಾನವನ್ನು ಸಡಿಲಿಸುತ್ತದೆಂದು ನನ್ನ ಎಣಿಕೆ.

ಮೀನುಮರಿ ಸಾಕುವವರು ಅನುಭವದಿಂದಲೇ ಈ ಘಟ್ಟವನ್ನು ಬಲ್ಲರು. ಹಳದಿ ತೀರಿದ ಕಾರ್ಪ್ ಮರಿಗಳನ್ನು ಬಿಡುವುದಕ್ಕೆ ಮುಂಚೆಯೇ ಕೊಳಕ್ಕೆ ಗೊಬ್ಬರ ಹಾಕಿ ಸೂಕ್ಷ್ಮಪ್ರಾಣಿಗಳನ್ನು ದಟ್ಟವಾಗಿ ಬೆಳೆಸಿರುತ್ತಾರೆ. ಮುಂದೆ ಕಾಟ್ಲಾ ಮೇಲ್ಮುಖದ ಬಾಯಿಂದ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ಮೃಗಾಲ್ ತಳವನ್ನು ಕೆದಕುತ್ತದೆ. ಈ ದಿನಗಳಲ್ಲಿ ಮಾತ್ರ ಎರಡಕ್ಕೂ ಊಟ ಒಂದೇ.